ರಕ್ತದ ಸಾಂದ್ರತೆಯೂ ಗರಣೆಯ ಹುಟ್ಟೂ

ಹೃದಯಾಘಾತವಾಗಲಿ ಪಾರ್ಶ್ವವಾಯುವಾಗಲಿ ಎರಗಿದ ಮನೆಗಳಲ್ಲಿ, ಆಸ್ಪತ್ರೆಗಳ ಹೊರಜಗಲಿಯಲ್ಲಿ, ವಿದ್ಯಾವಂತರ ಸಂಭಾಷಣೆಯಲ್ಲಿ ಸಹ, ಒಂದು ವಿವರಣೆ ನಿರ್ವಿವಾದವಾದ ಸತ್ಯವೆಂಬಂತೆ ಸಂಚರಿಸುತ್ತಿರುವುದು: ರಕ್ತ ಗಟ್ಟಿಯಾಯಿತು, ಆದ್ದರಿಂದ ಹೆಪ್ಪುಗಟ್ಟಿತು, ಇನ್ನು ಅದನ್ನು ತೆಳುಮಾಡುವ ಮಾತ್ರೆಯನ್ನು ನುಂಗಿದರೆ ನಾಳಗಳು ಸುಗಮವಾಗುವುವು. ಈ ಮೂಲಸೂತ್ರದಿಂದ ಹಲವು ಉಪಸಿದ್ಧಾಂತಗಳೂ ಹುಟ್ಟಿಕೊಂಡಿವೆ. ನೀರನ್ನು ಯಥೇಚ್ಛವಾಗಿ ಕುಡಿಯುವವನಿಗೆ ಗರಣೆಯ, ಎಂದರೆ ಹೆಪ್ಪುಗಟ್ಟಿದ ರಕ್ತದ ಗಂಟಿನ, ಭಯವಿಲ್ಲ. ರಕ್ತಹೀನತೆಯಿಂದ ಬಿಳಿಚಿಕೊಂಡವನ ರಕ್ತ ನೀರಿನಂತಿರುವುದರಿಂದ ಅವನಿಗೆ ಹೆಪ್ಪುಗಟ್ಟುವ ಸಂಭವವೇ ಇಲ್ಲ. ಬೆಳ್ಳುಳ್ಳಿ ರಕ್ತವನ್ನು ಕರಗಿಸುವುದು. ವಯಸ್ಸಾದವರೆಲ್ಲರೂ ದಿನಕ್ಕೊಂದು ಆಸ್ಪಿರಿನ್ ಮಾತ್ರೆ ನುಂಗುವುದು ಕ್ಷೇಮ. ರಕ್ತ ತೆಳುವಾಯಿತೆಂದು ಪರೀಕ್ಷೆಯಲ್ಲಿ ಕಂಡಮೇಲೆ ಔಷಧವನ್ನು ನಿಲ್ಲಿಸಿಬಿಡಬಹುದು. ಈ ನಂಬಿಕೆಗಳ ಆಧಾರದ ಮೇಲೆ ಜನರು ಪ್ರತಿದಿನವೂ ಪ್ರಾಣಕ್ಕೆ ಸಂಬಂಧಪಟ್ಟ ನಿರ್ಧಾರಗಳನ್ನು ಕೈಗೊಳ್ಳುತ್ತಿರುವರಾಗಿ, ಇವುಗಳ ಸತ್ಯಾಸತ್ಯತೆಯನ್ನು ಕ್ರಮವಾಗಿ ಪರಿಶೀಲಿಸುವುದು ಕೇವಲ ಬುದ್ಧಿವಿನೋದದ ಕಾರ್ಯವಲ್ಲ.

ಪೂರ್ವಪಕ್ಷವನ್ನು ಮೊದಲು ನ್ಯಾಯವಾಗಿ ಮಂಡಿಸಬೇಕು, ಏಕೆಂದರೆ ಅದು ಮೂಢನಂಬಿಕೆಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕತಕ್ಕದ್ದಲ್ಲ. ಅದರ ಹಿಂದೆ ಪ್ರತ್ಯಕ್ಷಾನುಭವದ ಬೆಂಬಲ ಕೆಲಮಟ್ಟಿಗೆ ಇದ್ದೇ ಇದೆ. ಗಾಯದಿಂದ ಸುರಿದ ರಕ್ತ ಕೆಲವೇ ನಿಮಿಷಗಳಲ್ಲಿ ದ್ರವತ್ವವನ್ನು ಕಳೆದುಕೊಂಡು, ಕೆಂಪು ಲೋಳೆಯಂತಾಗಿ, ಕಡೆಗೆ ಗಟ್ಟಿಯಾಗುವುದನ್ನು ಎಲ್ಲರೂ ಕಂಡಿದ್ದಾರೆ. ಆದ್ದರಿಂದ ಗಟ್ಟಿಯಾಗುವುದೂ ಹೆಪ್ಪುಗಟ್ಟುವುದೂ ಒಂದೇ ಕ್ರಿಯೆಯ ಮೊದಲ ಮತ್ತು ಕೊನೆಯ ಹಂತಗಳೆಂದು ತೋರುವುದು ಸ್ವಾಭಾವಿಕ. ರಕ್ತವು ನೀರಿಗಿಂತ ಸುಮಾರು 4 ಪಟ್ಟು ಹೆಚ್ಚು ಸ್ನಿಗ್ಧತೆಯುಳ್ಳ ದ್ರವವೆಂಬುದೂ, ಆ ಸ್ನಿಗ್ಧತೆ ಮುಖ್ಯವಾಗಿ ಅದರಲ್ಲಿನ ಕೆಂಪು ಕಣಗಳ ಪ್ರಮಾಣವನ್ನು ಅವಲಂಬಿಸಿ ಏರುತ್ತದೆ ಇಳಿಯುತ್ತದೆ ಎಂಬುದೂ ಶಾಸ್ತ್ರಸಮ್ಮತವಾದ ಸಂಗತಿಗಳೇ. ಕೆಂಪು ಕಣಗಳು ಮಿತಿಮೀರಿ ಹೆಚ್ಚುವ ಒಂದು ರೋಗದಲ್ಲಿ ಗರಣೆಗಳು ವಾಸ್ತವವಾಗಿಯೂ ಅಧಿಕವಾಗಿ ಉಂಟಾಗುತ್ತವೆ. ಇವೆಲ್ಲಕ್ಕೂ ಮಿಗಿಲಾಗಿ, ರೋಗಿಗೆ ಔಷಧವನ್ನು ಕೊಡುವಾಗ ವೈದ್ಯರೇ ಇದು ರಕ್ತವನ್ನು ತೆಳುಮಾಡುವ ಮಾತ್ರೆಯೆಂದು ಹೇಳುತ್ತಿರುವಲ್ಲಿ, ಸಾಮಾನ್ಯನು ಬೇರೆ ವಿಧವಾಗಿ ಗ್ರಹಿಸಬೇಕೆಂದು ನಿರೀಕ್ಷಿಸುವುದು ಹೇಗೆ? ಇಷ್ಟು ಬಲವುಳ್ಳ ಅಭಿಪ್ರಾಯವನ್ನು ಖಂಡಿಸುವವನು ಒಂದೊಂದು ಹೆಜ್ಜೆಯನ್ನೂ ಪ್ರಮಾಣಪೂರ್ವಕವಾಗಿ ಇಡಬೇಕಾಗುತ್ತದೆ.

ಮೊದಲನೆಯ ಹೆಜ್ಜೆ, ಹೆಪ್ಪುಗಟ್ಟುವಿಕೆ ಎಂದರೆ ಏನೆಂಬುದನ್ನು ತಿಳಿಯುವುದು. ಸಾಂದ್ರತೆ ಎಂಬುದು ದ್ರವದ ಒಂದು ಸ್ಥಿತಿ. ಅದು ಕ್ರಮಕ್ರಮವಾಗಿ ಹೆಚ್ಚಬಹುದು, ಕಡಮೆಯಾಗಬಹುದು, ನೀರು ಬೆರೆಸಿದರೆ ಹಿಂದಕ್ಕೆ ಬರಬಹುದು. ಹೆಪ್ಪುಗಟ್ಟುವುದಾದರೋ ಒಂದು ರಾಸಾಯನಿಕ ರೂಪಾಂತರ. ಎಮ್ಮೆಯ ಗಟ್ಟಿಹಾಲನ್ನು ಇನ್ನಷ್ಟು ಕಾಯಿಸಿ ಬತ್ತಿಸಿದರೂ ಹೆಪ್ಪು ಹಾಕದೆ ಅದು ಮೊಸರಾಗುವುದಿಲ್ಲ. ನೀರು ಬೆರೆತ ಹಾಲಿಗೆ ಹೆಪ್ಪು ಬಿದ್ದರೆ ತೆಳುವಾಗಿಯಾದರೂ ಮೊಸರಾಗಿಯೇ ತೀರುತ್ತದೆ. ರಕ್ತದಲ್ಲಿಯೂ ಹಾಗೆಯೇ. ಅದರ ದ್ರವಭಾಗದಲ್ಲಿ ಫೈಬ್ರಿನೋಜನ್ ಎಂಬ ಪ್ರೋಟೀನು ಸದಾ ಕರಗಿಕೊಂಡಿರುವುದು. ಥ್ರಾಂಬಿನ್ ಎಂಬ ಕಿಣ್ವವು ಅದರ ಅಣುಗಳ ತುದಿಗಳನ್ನು ಕತ್ತರಿಸಿದಾಗ ಅವು ಒಂದಕ್ಕೊಂದು ಜೋಡಿಸಿಕೊಂಡು ಫೈಬ್ರಿನ್ ಎಂಬ ನೂಲುಗಳಾಗಿ, ನೂಲುಗಳು ಬಲೆಯಾಗಿ, ಆ ಬಲೆಯಲ್ಲಿ ರಕ್ತಕಣಗಳು ಸಿಕ್ಕಿಕೊಂಡು ಗರಣೆ ಉಂಟಾಗುತ್ತದೆ. ಥ್ರಾಂಬಿನ್ ಆದರೂ ರಕ್ತದಲ್ಲಿ ಸಿದ್ಧರೂಪದಲ್ಲಿ ಹರಿಯುತ್ತಿರುವುದಿಲ್ಲ. ಯಕೃತ್ತಿನಲ್ಲಿ ತಯಾರಾಗುವ ಅದರ ಪೂರ್ವರೂಪವು, ಅಂಥವೇ ಆದ ಇತರ ಘಟಕಗಳು ಒಂದನ್ನೊಂದು ಪ್ರಚೋದಿಸುವ ಸೋಪಾನಕ್ರಮದ ಕೊನೆಯಲ್ಲಿ, ಬೇಕಾದ ಸ್ಥಳದಲ್ಲಿ, ಬೇಕಾದ ಕ್ಷಣದಲ್ಲಿ ಮಾತ್ರ ಎಚ್ಚರಗೊಳ್ಳುತ್ತದೆ. ಈ ಸೋಪಾನಕ್ರಮದ ಕಲ್ಪನೆಯನ್ನು 1964ರಲ್ಲಿ ಇಂಗ್ಲೆಂಡಿನ ಮ್ಯಾಕ್‌ಫರ್ಲೇನ್ ಒಂದು ಕಡೆಯಿಂದಲೂ, ಅಮೆರಿಕದ ಡೇವಿ ಮತ್ತು ರ‍್ಯಾಟ್‌ನಾಫ್ ಇನ್ನೊಂದು ಕಡೆಯಿಂದಲೂ ಪ್ರತಿಪಾದಿಸಿದರು. ಇದರ ಜೊತೆಗೆ, ಪ್ರತಿ ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುವ ಪ್ಲೇಟ್‌ಲೆಟ್ ಎಂಬ ಸೂಕ್ಷ್ಮ ಬಿಲ್ಲೆಗಳು ನಾಳ ಹರಿದ ಕಡೆಗೆ ಅಂಟಿಕೊಂಡು, ಪರಸ್ಪರ ಕೂಡಿಕೊಂಡು, ಆ ರಂಧ್ರಕ್ಕೆ ಮೊದಲ ಬಿರಟೆಯನ್ನು ಒದಗಿಸುತ್ತವೆ. ಇಷ್ಟೂ ಕ್ರಿಯೆಯಲ್ಲಿ ರಕ್ತದ ಸಾಂದ್ರತೆ ಎಂಬುದಕ್ಕೆ ಕಾರಣದ ಸ್ಥಾನ ಎಲ್ಲಿಯೂ ಇಲ್ಲ. ಗರಣೆ ಕಟ್ಟಿದಮೇಲೆ ಕಾಣುವ ಗಟ್ಟಿತನವು ಕಾರ್ಯವೇ ಹೊರತು ಕಾರಣವಲ್ಲ. ಕಾರ್ಯವನ್ನೇ ಕಾರಣವೆಂದು ಭ್ರಮಿಸಿದ್ದು ಪೂರ್ವಪಕ್ಷದ ಮೊದಲನೆಯ ದೋಷ.

ಎರಡನೆಯ ಹೆಜ್ಜೆಯಾಗಿ, ಸಾಂದ್ರತೆಯೂ ಹೆಪ್ಪುಗಟ್ಟುವಿಕೆಯೂ ಒಂದರಿಂದೊಂದು ಬೇರ್ಪಟ್ಟಿರುವ ಸಂದರ್ಭಗಳನ್ನು ನೋಡಬೇಕು. ಎರಡು ವಸ್ತುಗಳು ಕಾರ್ಯಕಾರಣಗಳೆಂದು ಹೇಳುವ ಪಕ್ಷದಲ್ಲಿ ಒಂದಿದ್ದಾಗ ಇನ್ನೊಂದಿರಬೇಕು, ಒಂದಿಲ್ಲದಾಗ ಇನ್ನೊಂದು ಇರಬಾರದು. ಮಲೆನಾಡಿನ ಮಳೆಗಾಲದಲ್ಲಿ ಇಂಬಳ ಕಚ್ಚಿದವರಿಗೆಲ್ಲ ಗೊತ್ತಿರುವಂತೆ, ಅದನ್ನು ಕಿತ್ತು ಬಿಸುಟ ಮೇಲೂ ಆ ಚಿಕ್ಕ ಗಾಯದಿಂದ ರಕ್ತ ಬಹಳ ಹೊತ್ತು ಒಸರುತ್ತಲೇ ಇರುವುದು. ಇಂಬಳವು ನಮ್ಮ ರಕ್ತಕ್ಕೆ ನೀರು ಬೆರೆಸಲಿಲ್ಲ. ಅದರ ಲಾಲಾರಸದಲ್ಲಿನ ವಸ್ತು ಥ್ರಾಂಬಿನ್ನನ್ನು ಬಂಧಿಸಿ ನಿಷ್ಕ್ರಿಯಗೊಳಿಸಿತು. ಅದರ ಬಂಧುವಾದ ಜಿಗಣೆಯಲ್ಲಿ ಇಂಥ ಗುಣವಿರುವುದನ್ನು 1884ರಲ್ಲಿಯೇ ಹೇಕ್ರಾಫ್ಟ್ ಎಂಬ ಶಾಸ್ತ್ರಜ್ಞನು ತೋರಿಸಿದ್ದನು. ಹೀಮೊಫಿಲಿಯ ಎಂಬ ಆನುವಂಶಿಕ ರೋಗವುಳ್ಳ ಬಾಲಕನ ರಕ್ತ ಎಲ್ಲರ ರಕ್ತದಷ್ಟೇ ಗಟ್ಟಿಯಾಗಿದ್ದರೂ, ಎಂಟನೆಯದೋ ಒಂಬತ್ತನೆಯದೋ ಆದ ಒಂದು ಘಟಕ ಮಾತ್ರ ಕೊರೆಯಾಗಿರುವುದರಿಂದ, ಬಿದ್ದೆದ್ದರೆ ಸಾಕು ಕೀಲುಗಳೊಳಗೆ ರಕ್ತ ತುಂಬುತ್ತದೆ. ಇದಕ್ಕೆ ವಿಪರ್ಯಯವಾಗಿ, ತೆಳ್ಳಗಿನ ರಕ್ತವೂ ಹೆಪ್ಪುಗಟ್ಟಬಲ್ಲುದು. ಕುಡುಗೋಲಿನಾಕಾರದ ಕಣಗಳ ರಕ್ತಹೀನತೆಯಲ್ಲಿ ಕೆಂಪು ಕಣಗಳ ಪ್ರಮಾಣ ಬಹಳ ತಗ್ಗಿರುವುದಾದರೂ ಗರಣೆಯ ಅಪಾಯ ಏರಿರುತ್ತದೆ. ಯಕೃತ್ತು ಕೆಟ್ಟವರಲ್ಲಿ ಹೆಪ್ಪುಗಟ್ಟುವ ಕಾಲ ದೀರ್ಘವಾಗಿದೆಯೆಂದು ಪರೀಕ್ಷೆ ತೋರಿಸುತ್ತಿರುವಾಗಲೇ ಉದರದ ಅಭಿಧಮನಿಯಲ್ಲಿ ಗರಣೆ ಕಟ್ಟುವುದುಂಟು. ಹೆಪ್ಪುಗಟ್ಟುವುದನ್ನು ತಡೆಯಲೆಂದು ಕೊಡುವ ಹೆಪಾರಿನ್ ಎಂಬ ಔಷಧವೇ ಕೆಲವರಲ್ಲಿ ಪ್ರತಿಕಾಯಗಳನ್ನು ಎಬ್ಬಿಸಿ, ಪ್ಲೇಟ್‌ಲೆಟ್‌ಗಳ ಸಂಖ್ಯೆ ಕುಸಿಯುತ್ತಿರುವಂತೆಯೇ ನಾಳಗಳಲ್ಲಿ ಗರಣೆಗಳನ್ನು ಹುಟ್ಟಿಸುವುದೂ ಉಂಟು.

ಈ ವಿಷಯದಲ್ಲಿ ಎಲ್ಲಕ್ಕಿಂತ ನಿರ್ಣಾಯಕವಾದ ದೃಷ್ಟಾಂತವನ್ನು ನಮ್ಮ ಹೊಲಗದ್ದೆಗಳ ಕೊಳಕುಮಂಡಲವೇ ಒದಗಿಸುತ್ತದೆ. ಈ ಹಾವಿನ ವಿಷವು ರಕ್ತವನ್ನು ನೀರಾಗಿಸುವುದೆಂದು ಹಳ್ಳಿಗರು ಭಾವಿಸಿರುವುದುಂಟು. ಕಚ್ಚಿಸಿಕೊಂಡವನ ವಸಡಿನಿಂದ, ಮೂತ್ರದಲ್ಲಿ, ಸೂಜಿ ಚುಚ್ಚಿದ ಸ್ಥಳದಿಂದ ರಕ್ತ ಸೋರುವುದನ್ನು ಕಂಡವರಿಗೆ ಹಾಗೆ ತೋರುವುದು ಸಹಜವೇ. ಆದರೆ ವಿಷವು ಮಾಡುವ ಕೆಲಸ ಅದಕ್ಕೆ ನೇರ ವಿರುದ್ಧವಾದುದು. ಅದು ಸೋಪಾನಕ್ರಮದ ಹತ್ತನೆಯ ಮತ್ತು ಐದನೆಯ ಘಟಕಗಳನ್ನು ಅಕಾಲದಲ್ಲಿ ಬಡಿದೆಬ್ಬಿಸಿ, ದೇಹದಾದ್ಯಂತ ಹೆಪ್ಪುಗಟ್ಟುವಿಕೆಯನ್ನು ಒಮ್ಮೆಗೇ ಆರಂಭಿಸುತ್ತದೆ. ಆ ಅನಿಯಂತ್ರಿತ ಕ್ರಿಯೆಯಲ್ಲಿ ಫೈಬ್ರಿನೋಜನ್ ವ್ಯರ್ಥವಾಗಿ ವ್ಯಯವಾಗಿ, ನಿಜವಾದ ಗಾಯಕ್ಕೆ ಕಟ್ಟಲು ಏನೂ ಉಳಿಯದೆ, ರಕ್ತಸ್ರಾವ ಪ್ರಾಪ್ತವಾಗುತ್ತದೆ. ಆದಕಾರಣವೇ ಹಾವು ಕಚ್ಚಿಸಿಕೊಂಡು ಬಂದವನ ಸ್ವಲ್ಪ ರಕ್ತವನ್ನು ಶುಭ್ರವಾದ ಒಣ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಬಳಿಕ ಓರೆಮಾಡಿ, ಅದು ಹೆಪ್ಪುಗಟ್ಟಿದೆಯೇ ಇಲ್ಲವೇ ಎಂದು ನೋಡುವ ಸುಲಭ ಪರೀಕ್ಷೆಯನ್ನು ನಮ್ಮ ದೇಶದ ಆಸ್ಪತ್ರೆಗಳು ನಡೆಸುತ್ತಿರುವುದು. ಮೇಲೆ ಹೆಸರಿಸಿದ ಮ್ಯಾಕ್‌ಫರ್ಲೇನನೇ ತನ್ನ ಸಹೋದ್ಯೋಗಿಯೊಡನೆ 1934ರಲ್ಲಿ, ಇದೇ ಜಾತಿಯ ಹಾವಿನ ವಿಷವನ್ನು ಅತ್ಯಂತ ತೆಳುವಾಗಿ ಕದಡಿ ಗಾಯಕ್ಕೆ ಲೇಪಿಸಿದರೆ ಹೀಮೊಫಿಲಿಯ ರೋಗಿಯ ರಕ್ತಸ್ರಾವ ನಿಲ್ಲುವುದೆಂದು ತೋರಿಸಿಕೊಟ್ಟನು. ಒಂದೇ ವಿಷ ಒಂದು ಪ್ರಮಾಣದಲ್ಲಿ ಒಂದು ಸ್ಥಳದಲ್ಲಿ ರಕ್ತವನ್ನು ಕಟ್ಟಿಸುವುದು, ಇನ್ನೊಂದು ಪ್ರಮಾಣದಲ್ಲಿ ದೇಹವೆಲ್ಲ ವ್ಯಾಪಿಸಿ ರಕ್ತವನ್ನು ಸೋರಿಸುವುದು ಎಂದಮೇಲೆ, ಹೆಪ್ಪುಗಟ್ಟುವಿಕೆ ಮತ್ತು ರಕ್ತಸ್ರಾವಗಳನ್ನು ಗಟ್ಟಿರಕ್ತ ಮತ್ತು ತೆಳುರಕ್ತವೆಂಬ ಒಂದೇ ಅಳತೆಗೋಲಿನ ಎರಡು ಕೊನೆಗಳೆಂದು ಭಾವಿಸುವುದು ಸರ್ವಥಾ ಅಸಾಧ್ಯ.

ಹಾಗಿದ್ದರೆ ಗರಣೆ ಎಲ್ಲಿ, ಯಾವಾಗ, ಏತಕ್ಕೆ ಕಟ್ಟುತ್ತದೆ? ಈ ಪ್ರಶ್ನೆಗೆ ಆಧುನಿಕ ವೈದ್ಯಶಾಸ್ತ್ರದ ಉತ್ತರ ಬೆಳೆದುಬಂದದ್ದು ಜರ್ಮನಿಯ ರುಡಾಲ್ಫ್ ವಿರ್ಶೋನಿಂದ. ಶ್ವಾಸಕೋಶದ ನಾಳಗಳಲ್ಲಿ ಕಾಣುವ ಗರಣೆ ಅಲ್ಲಿಯೇ ಉದ್ಭವಿಸಿದ್ದೆಂದು ಪಂಡಿತರು ಭಾವಿಸಿದ್ದ ಕಾಲದಲ್ಲಿ, 1846ರಿಂದ ಪ್ರಕಟವಾದ ತನ್ನ ಲೇಖನಗಳಲ್ಲಿ ಅವನು ಶವಪರೀಕ್ಷೆಗಳಿಂದಲೂ ಪ್ರಾಣಿಪ್ರಯೋಗಗಳಿಂದಲೂ, ಅದು ದೂರದ ಅಭಿಧಮನಿಯಲ್ಲಿ ಕಟ್ಟಿ, ಕಳಚಿಕೊಂಡು, ರಕ್ತಪ್ರವಾಹದೊಡನೆ ಬಂದು ಸಿಕ್ಕಿಕೊಂಡದ್ದೆಂದು ಸಾಧಿಸಿದನು. ಅವನ ಹೆಸರಿನಿಂದಲೇ ಪ್ರಸಿದ್ಧವಾಗಿರುವ ಮೂರು ಹೇತುಗಳು ಇವು:

1. ರಕ್ತದ ಹರಿವು ಮಂದವಾಗುವುದು ಅಥವಾ ನಿಲ್ಲುವುದು. ಹರಿಯುವ ರಕ್ತವು ಅಲ್ಲಲ್ಲಿ ಎಚ್ಚೆತ್ತ ಕಿಣ್ವಗಳನ್ನು ಕೊಚ್ಚಿಕೊಂಡು ಹೋಗಿ ಚದುರಿಸುತ್ತದೆ. ನಿಂತ ರಕ್ತದಲ್ಲಿ ಅವು ಒಂದೆಡೆ ಸಂಚಯವಾಗುತ್ತವೆ. ಶಸ್ತ್ರಚಿಕಿತ್ಸೆಯಾದಮೇಲಿನ ಹಾಸಿಗೆವಾಸ, ಮುರಿದ ಕಾಲಿಗೆ ಹಾಕಿದ ಪ್ಲಾಸ್ಟರು, 4 ಗಂಟೆಗಳಿಗೂ ದೀರ್ಘವಾದ ಪ್ರಯಾಣ ಇವೆಲ್ಲ ಈ ವರ್ಗಕ್ಕೆ ಸೇರಿದುವು.

2. ನಾಳದ ಒಳಪೊರೆಗೆ ಆಗುವ ಹಾನಿ. ಆರೋಗ್ಯವಾಗಿರುವ ಒಳಪೊರೆ ಒಂದು ಜಡವಾದ ಕೊಳವೆಯ ಗೋಡೆಯಲ್ಲ. ಪ್ಲೇಟ್‌ಲೆಟ್‌ಗಳನ್ನು ದೂರವಿಡುವ ವಸ್ತುಗಳನ್ನು ಅದು ಅನವರತವೂ ಸ್ರವಿಸುತ್ತಿರುತ್ತದೆ. ಧೂಮಪಾನ, ಏರಿದ ರಕ್ತದೊತ್ತಡ, ಮಧುಮೇಹ, ಕೊಬ್ಬಿನ ಸಂಚಯ, ಸೋಂಕು ಇವು ಆ ಪೊರೆಯನ್ನು ಕೆಡಿಸುತ್ತವೆ.

3. ರಕ್ತದ ಘಟಕಗಳಲ್ಲಿಯೇ ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚುವುದು. ಗರ್ಭಧಾರಣೆ, ಕ್ಯಾನ್ಸರ್, ಈಸ್ಟ್ರೋಜನ್ ಕೂಡಿದ ಸಂತಾನನಿರೋಧಕ ಮಾತ್ರೆಗಳು, ಆನುವಂಶಿಕವಾದ ಕೆಲವು ಪ್ರೋಟೀನುಗಳ ಕೊರತೆ ಇದಕ್ಕೆ ಕಾರಣವಾಗುವುವು.

ಮೂರನೆಯದು ಪೂರ್ವಪಕ್ಷಕ್ಕೆ ಹತ್ತಿರವಾದದ್ದೆಂದು ಮೇಲುನೋಟಕ್ಕೆ ತೋರೀತು. ಆದರೆ ಅಲ್ಲಿ ಬದಲಾಗುವುದು ಕಿಣ್ವಗಳ ಮತ್ತು ಅವುಗಳ ನಿಗ್ರಾಹಕಗಳ ನಡುವಣ ಸಮತೋಲ, ರಕ್ತದ ಗಟ್ಟಿತನವಲ್ಲ. ಇನ್ನು, ರಕ್ತವೊಂದೇ ಕಾರಣವಾಗಿದ್ದ ಪಕ್ಷದಲ್ಲಿ ಗರಣೆಗೆ ಸ್ಥಳಪಕ್ಷಪಾತವಿರಕೂಡದು. ಎರಡು ಕಾಲುಗಳಲ್ಲಿಯೂ ಹರಿಯುವ ರಕ್ತ ಒಂದೇ. ಹೀಗಿದ್ದೂ ಗರ್ಭಿಣಿಯರ ಕಾಲಿನಲ್ಲಿ ಕಟ್ಟುವ ಗರಣೆ ಬಹುಪಾಲು ಎಡಗಾಲಿನದೇ ಆಗಿರುತ್ತದೆ. ಕಾರಣವೇನೆಂದರೆ, ಬಲಗಾಲಿಗೆ ರಕ್ತವನ್ನೊಯ್ಯುವ ಅಪಧಮನಿಯು ಎಡಗಾಲಿನಿಂದ ಬರುವ ಅಭಿಧಮನಿಯನ್ನು ಅಡ್ಡಹಾಯ್ದು ಬೆನ್ನೆಲುಬಿಗೆ ಒತ್ತುತ್ತದೆ. ಗರ್ಭಕೋಶದ ಭಾರ ಅದಕ್ಕೆ ಕೂಡಿ ಹರಿವು ಮಂದವಾಗುತ್ತದೆ. 1940ರಲ್ಲಿ ಲಂಡನ್ ನಗರದ ಮೇಲೆ ಬಾಂಬುಗಳು ಬೀಳುತ್ತಿದ್ದ ರಾತ್ರಿಗಳಲ್ಲಿ, ಆಶ್ರಯಸ್ಥಾನಗಳ ಮಡಿಸುವ ಕುರ್ಚಿಗಳ ಮೇಲೆ ಇರುಳೆಲ್ಲ ಕುಳಿತಿದ್ದವರಲ್ಲಿ ಹಲವರು ಶ್ವಾಸಕೋಶಕ್ಕೆ ಗರಣೆ ಸಿಕ್ಕಿ ಮೃತರಾದುದನ್ನು ಕೀತ್ ಸಿಂಪ್ಸನ್ ಎಂಬ ವೈದ್ಯನು ವರದಿಮಾಡಿದನು. ಕುರ್ಚಿಯ ಅಡ್ಡಪಟ್ಟಿ ತೊಡೆಯ ಕೆಳಭಾಗವನ್ನು ಒತ್ತಿ ಅಭಿಧಮನಿಗಳ ಹರಿವನ್ನು ತಡೆದುದೇ ಅದಕ್ಕೆ ಕಾರಣವೆಂದು ಅವನು ಕಂಡನು. ಒಂದು ರಾತ್ರಿಯಲ್ಲಿ ಒಂದು ನಗರದ ಜನರ ರಕ್ತ ಗಟ್ಟಿಯಾಗಲಿಲ್ಲ. ಬದಲಾದದ್ದು ಅವರು ಕುಳಿತ ಭಂಗಿ.

ಮೂರನೆಯ ಹೆಜ್ಜೆ, ಗರಣೆಯ ಪರಿಣಾಮಗಳ ವಿಚಾರ. ಗರಣೆಯೆಂದರೆ ಎಲ್ಲವೂ ಒಂದೇ, ಅದು ಎಲ್ಲಿ ಹುಟ್ಟಿದರೂ ಹೃದಯಕ್ಕೆ ಹೋಗಿ ಆಘಾತವನ್ನುಂಟುಮಾಡುವುದು ಎಂಬ ಭಾವನೆಯೂ ಅದೇ ಗೊಂದಲದ ಶಾಖೆ. ದೇಹದ ರಚನೆಯೇ ಇದನ್ನು ನಿರಾಕರಿಸುತ್ತದೆ. ಮೀನಖಂಡದ ಅಥವಾ ತೊಡೆಯ ಆಳದ ಅಭಿಧಮನಿಯಲ್ಲಿ ಕಟ್ಟುವ ಗರಣೆ ಮುಖ್ಯವಾಗಿ ಫೈಬ್ರಿನ್ ಮತ್ತು ಕೆಂಪು ಕಣಗಳಿಂದ ಕೂಡಿದ್ದು. ಅದು ಇದ್ದಲ್ಲಿಯೇ ಇದ್ದರೆ ಒಂದೇ ಕಾಲು ಊದಿಕೊಳ್ಳುವುದು, ನೋಯುವುದು, ಬೆಚ್ಚಗಾಗುವುದು, ಮುಂದೆ ಅಭಿಧಮನಿಯ ಕವಾಟಗಳು ಕೆಟ್ಟು ಕಾಲು ಸದಾ ಭಾರವಾಗಿರುವುದು. ಅದರ ತುಂಡು ಕಳಚಿಕೊಂಡರೆ ಕ್ರಮವಾಗಿ ವಿಶಾಲವಾಗುತ್ತ ಹೋಗುವ ಅಭಿಧಮನಿಗಳ ಮೂಲಕ ಹೃದಯದ ಬಲಭಾಗವನ್ನು ಹಾಯ್ದು, ಶ್ವಾಸಕೋಶದ ಅಪಧಮನಿಗಳು ಕವಲೊಡೆದು ಕಿರಿದಾಗುವಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಗಾಳಿ ಬರುತ್ತಿದ್ದರೂ ರಕ್ತ ಬಾರದ ಶ್ವಾಸಕೋಶದ ಭಾಗ ವ್ಯರ್ಥವಾಗುವುದು, ಉಸಿರು ಹಠಾತ್ತಾಗಿ ಕಟ್ಟುವುದು, ಉಸಿರೆಳೆದಾಗ ಎದೆ ಚುಚ್ಚಿದಂತಾಗುವುದು. ಗರಣೆ ದೊಡ್ಡದಾಗಿದ್ದರೆ ಅದರ ಎದುರಿಗೆ ರಕ್ತವನ್ನು ತಳ್ಳಲಾರದೆ ಹೃದಯದ ಬಲಭಾಗ ಸೋಲುವುದು. ಹೃದಯದ ಎಡಬಲ ಭಾಗಗಳ ನಡುವಣ ಭಿತ್ತಿಯಲ್ಲಿ ಜನನಾನಂತರವೂ ಮುಚ್ಚದೆ ಉಳಿದ ಕಿಂಡಿಯುಳ್ಳವರಲ್ಲಿ (ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇಂಥ ಕಿಂಡಿಯಿರುವುದುಂಟು) ಕ್ವಚಿತ್ತಾಗಿ ಆ ಗರಣೆ ಎಡಕ್ಕೆ ದಾಟಿ ಮಿದುಳನ್ನು ಸೇರಬಹುದು. ಅದು ಅಪವಾದ, ನಿಯಮವಲ್ಲ.

ಹೃದಯಾಘಾತದ ಗರಣೆಯ ಚರಿತ್ರೆ ಬೇರೆ. ಅದು ಎಲ್ಲಿಂದಲೋ ಬಂದದ್ದಲ್ಲ. ಹೃದಯದ ಸ್ನಾಯುವಿಗೆ ರಕ್ತ ಕೊಡುವ ಅಪಧಮನಿಯ ಗೋಡೆಯಲ್ಲಿ ವರ್ಷಗಟ್ಟಲೆ ಶೇಖರವಾದ ಕೊಬ್ಬಿನ ಗಂಟು ಒಂದು ದಿನ ಬಿರಿದಾಗ, ಆ ಹರುಕಿನ ಮೇಲೆ ಪ್ಲೇಟ್‌ಲೆಟ್‌ಗಳು ಮುತ್ತಿಕೊಂಡು ಅಲ್ಲಿಯೇ ಕಟ್ಟಿದ್ದು. ಹರಿವು ವೇಗವಾಗಿರುವ ಅಪಧಮನಿಯಲ್ಲಿ ಪ್ಲೇಟ್‌ಲೆಟ್‌ಗಳ ಪಾತ್ರ ಪ್ರಧಾನ. ಹರಿವು ಮಂದವಾದ ಅಭಿಧಮನಿಯಲ್ಲಿ ಫೈಬ್ರಿನ್ನಿನದು ಪ್ರಧಾನ. ಮೂರನೆಯದೊಂದು ಬಗೆಯೂ ಉಂಟು: ಹೃದಯದ ಮೇಲ್ಕೋಣೆಗಳು ತಾಳಬದ್ಧವಾಗಿ ಸಂಕೋಚಿಸದೆ ಕಂಪಿಸುತ್ತಿರುವಾಗ, ಎಡ ಹೃತ್ಕರ್ಣದ ಚಿಕ್ಕ ಚೀಲದಂಥ ಮೂಲೆಯಲ್ಲಿ ರಕ್ತ ನಿಂತು ಗರಣೆಯಾಗಿ, ಅಲ್ಲಿಂದ ಹೊರಟು ಮಿದುಳಿನ ಅಪಧಮನಿಯನ್ನು ಮುಚ್ಚುತ್ತದೆ, ಈ ಹೃದಯವ್ಯಾಧಿಯುಳ್ಳವರಿಗೆ ಪಾರ್ಶ್ವವಾಯುವಿನ ಸಂಭವ ಉಳಿದವರಿಗಿಂತ ಸುಮಾರು 5 ಪಟ್ಟು ಹೆಚ್ಚು. ಒಂದೇ ಮನುಷ್ಯನ ಒಂದೇ ರಕ್ತದಿಂದ ಇಷ್ಟು ಭಿನ್ನವಾದ ಗರಣೆಗಳು, ಭಿನ್ನವಾದ ಸ್ಥಾನಗಳಲ್ಲಿ, ಭಿನ್ನವಾದ ಕಾರಣಗಳಿಂದ ಹುಟ್ಟುವುವಾದ್ದರಿಂದಲೇ ಅವುಗಳ ಔಷಧಗಳೂ ಭಿನ್ನವಾಗಿವೆ. ಆಸ್ಪಿರಿನ್ ಪ್ಲೇಟ್‌ಲೆಟ್‌ಗಳ ಒಂದು ಕಿಣ್ವವನ್ನು ಅವುಗಳ ಆಯುಸ್ಸು ಮುಗಿಯುವವರೆಗೂ ಕುಂಠಿತಗೊಳಿಸುತ್ತದೆ. ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಕಾರ್ಲ್ ಪಾಲ್ ಲಿಂಕ್‌ನ ಪ್ರಯೋಗಶಾಲೆಯವರು, ಬೂಷ್ಟು ಹಿಡಿದ ಒಂದು ಜಾತಿಯ ಮೇವನ್ನು ತಿಂದ ದನಗಳು ರಕ್ತಸ್ರಾವದಿಂದ ಸಾಯುತ್ತಿದ್ದುದರ ಕಾರಣವನ್ನು ಹುಡುಕುತ್ತ ಹೊರಟು ಕಂಡ ವಸ್ತುವಿನಿಂದ ಬೆಳೆದ ವಾರ್ಫರಿನ್, 1948ರಲ್ಲಿ ಇಲಿಪಾಷಾಣವಾಗಿ ಬಳಕೆಗೆ ಬಂದು, 1954ರಲ್ಲಿ ಮನುಷ್ಯರ ಔಷಧವಾಯಿತು. ಅದು ಯಕೃತ್ತಿನಲ್ಲಿ ಕೆ ಜೀವಸತ್ವದ ಕೆಲಸವನ್ನು ತಡೆದು ನಾಲ್ಕು ಘಟಕಗಳನ್ನು ಅಪೂರ್ಣವಾಗಿ ಉಳಿಸುತ್ತದೆ. ಹೆಪಾರಿನ್ ದೇಹದ ಸಹಜ ನಿಗ್ರಾಹಕವೊಂದರ ಬಲವನ್ನು ಹೆಚ್ಚಿಸುತ್ತದೆ. ಇವುಗಳಲ್ಲಿ ಯಾವುದೊಂದೂ ರಕ್ತದ ಸ್ನಿಗ್ಧತೆಯನ್ನು ಇಳಿಸಲೆಂದು ಕೊಡುವುದಲ್ಲ. ಕಟ್ಟಿದ ಗರಣೆಯನ್ನು ಕರಗಿಸುವ ಕೆಲಸವೂ ಇವುಗಳದಲ್ಲ, ಪ್ಲಾಸ್ಮಿನ್ ಎಂಬ ದೇಹದ ಸ್ವಂತ ಕಿಣ್ವದ್ದು. ಗರಣೆ ಬೆಳೆಯದಂತೆ ಔಷಧ ತಡೆದಿರುವಷ್ಟು ಕಾಲ ಆ ಕಿಣ್ವಕ್ಕೆ ತನ್ನ ಕೆಲಸ ಮಾಡಲು ಅವಕಾಶ ದೊರೆಯುತ್ತದೆ. ಸ್ಟ್ರೆಪ್ಟೊಕೈನೇಸಿನಂಥ ಬೇರೊಂದು ವರ್ಗದ ಔಷಧಗಳು ಮಾತ್ರ ಆ ಕಿಣ್ವವನ್ನೇ ಪ್ರಚೋದಿಸಿ ಗರಣೆಯನ್ನು ಕರಗಿಸುವುವು.

ಈಗ ಆಕ್ಷೇಪಗಳನ್ನು ಎದುರುಗೊಳ್ಳಬೇಕು. ಮೊದಲನೆಯದು ಅತ್ಯಂತ ಬಲವಾದುದು: ಕೆಂಪು ಕಣಗಳು ಮಿತಿಮೀರಿ ಬೆಳೆಯುವ ರೋಗದಲ್ಲಿ ರಕ್ತ ನಿಜವಾಗಿಯೂ ಗಟ್ಟಿಯಾಗಿದ್ದು ಗರಣೆ ಕಟ್ಟುವುದಲ್ಲವೇ, ಅದಕ್ಕೇನು ಸಮಾಧಾನ? ಆ ರೋಗದಲ್ಲಿ ರಕ್ತವನ್ನು ಆಗಾಗ ಹೊರತೆಗೆದು ಕೆಂಪು ಕಣಗಳ ಪಾಲನ್ನು ಶೇಕಡ 45ಕ್ಕಿಂತ ಕೆಳಗಿಟ್ಟರೆ ರೋಗಿಗೆ ಹಿತವೆಂಬುದು ಸಿದ್ಧಪಟ್ಟ ಸಂಗತಿ. ಇದನ್ನು ಮುಚ್ಚಿಡುವುದು ಸತ್ಯಕ್ಕೆ ದ್ರೋಹ. ಆದರೆ ಇದರಿಂದ ಸಿದ್ಧವಾಗುವುದು ಇಷ್ಟೇ: ಅತಿಸಾಂದ್ರತೆಯು ಹರಿವನ್ನು ಮಂದಗೊಳಿಸಿ ಪ್ಲೇಟ್‌ಲೆಟ್‌ಗಳನ್ನು ಗೋಡೆಯ ಕಡೆಗೆ ತಳ್ಳುವುದರ ಮೂಲಕ ಮೇಲೆ ಹೇಳಿದ ಹೇತುಗಳಲ್ಲಿ ಒಂದಕ್ಕೆ ಸಹಾಯಕವಾಗಬಲ್ಲುದು. ಜೊತೆಗೆ ಆ ರೋಗದಲ್ಲಿ ರಕ್ತಕಣಗಳ ಸ್ವಭಾವವೂ ಕೆಟ್ಟಿರುತ್ತದೆ. ಸಹಾಯಕ ಕಾರಣವೊಂದು ಅಲ್ಪಸಂಖ್ಯಾತ ರೋಗಿಗಳಲ್ಲಿ ಕಂಡುಬಂದಿತೆಂದು ಅದನ್ನು ಸರ್ವತ್ರ ಪ್ರಧಾನ ಕಾರಣವಾಗಿ ಪಟ್ಟಗಟ್ಟುವುದು ತರ್ಕಸಮ್ಮತವಲ್ಲ.

ಎರಡನೆಯ ಆಕ್ಷೇಪ ನೀರಿನದು. ಬಾಯಾರಿ ಬಳಲಿದವನಲ್ಲಿ ರಕ್ತ ಸಾಂದ್ರವಾಗುವುದಷ್ಟೆ? ಆಗುವುದು ನಿಜ, ಅದರಿಂದ ಅಪಾಯ ಹೆಚ್ಚುವುದೂ ನಿಜ. ಇದಕ್ಕೆ ದುಃಖಕರವಾದ ದೃಷ್ಟಾಂತ ನಮ್ಮ ಬಾಣಂತನದ ರೂಢಿಗಳಲ್ಲಿಯೇ ಉಂಟು. ಹೆರಿಗೆಯ ರಕ್ತನಷ್ಟಕ್ಕೆ ಮುನ್ನೆಚ್ಚರಿಕೆಯಾಗಿ ಪ್ರಕೃತಿಯೇ ಗರ್ಭಿಣಿಯ ಹೆಪ್ಪುಗಟ್ಟುವ ಘಟಕಗಳನ್ನು ಹೆಚ್ಚಿಸಿರುತ್ತದೆ. ಆ ಪ್ರವೃತ್ತಿ ಹೆರಿಗೆಯಾದ ಮೊದಲ ಆರು ವಾರಗಳಲ್ಲಿ ಉತ್ಕಟವಾಗಿರುವುದು. ಅದೇ ವೇಳೆಗೆ ಬಾಣಂತಿಗೆ ನೀರು ಕೊಡಬಾರದೆಂದು ಕಟ್ಟುಪಾಡು ಮಾಡಿ, ಅವಳನ್ನು ಕೋಣೆಯ ಹಾಸಿಗೆಯಲ್ಲಿ ಅಲುಗಾಡದೆ ಮಲಗಿಸಿದರೆ ಎರಡು ಹೇತುಗಳು ಒಂದಾಗುವುವು. ರಕ್ತಹೀನತೆಯೂ ಸೋಂಕೂ ಇದ್ದರೆ ಹೇತುಗಳು ಇನ್ನೂ ಹೆಚ್ಚುವುವು. ಮಿದುಳಿನ ಅಭಿಧಮನಿಗಳಲ್ಲಿ ಗರಣೆ ಕಟ್ಟಿ ತಲೆನೋವು, ಸೆಳವು, ಪ್ರಜ್ಞಾಹೀನತೆಗೆ ಒಳಗಾಗುವ ಎಳೆಯ ತಾಯಂದಿರ ಈ ವ್ಯಾಧಿಯನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ದೀರ್ಘಕಾಲದಿಂದ ಅಧ್ಯಯನಮಾಡಿದ್ದಾರೆ. ಆದ್ದರಿಂದ ಬಾಣಂತಿಗೆ ಬೇಕಾದಷ್ಟು ನೀರು ಕೊಡಿ, ಅವಳನ್ನು ಬೇಗ ಎದ್ದು ಓಡಾಡಿಸಿ ಎಂಬ ಉಪದೇಶ ಸರ್ವಥಾ ಯುಕ್ತ. ಆದರೆ ಇದೇ ದೃಷ್ಟಾಂತವು ರಕ್ತಹೀನತೆಯವರು ಸುರಕ್ಷಿತರೆಂಬ ಉಪಸಿದ್ಧಾಂತವನ್ನು ಬುಡಮೇಲುಮಾಡುತ್ತದೆಂಬುದನ್ನೂ, ನೀರು ಕುಡಿದವರೆಲ್ಲ ನಿರ್ಭಯರೆಂಬ ವಿಲೋಮವಾಕ್ಯ ಇದರಿಂದ ಸಿದ್ಧಿಸುವುದಿಲ್ಲವೆಂಬುದನ್ನೂ ಗಮನಿಸಬೇಕು.

ಮೂರನೆಯ ಆಕ್ಷೇಪವನ್ನು ವ್ಯವಹಾರಕುಶಲರು ತರುವರು: ಕಾರಣ ಏನೇ ಇರಲಿ, ರೋಗಿಯು ಮಾತ್ರೆಯನ್ನು ನುಂಗಿದರೆ ಸಾಕಲ್ಲವೇ, ರಕ್ತ ತೆಳುವಾಗುವುದೆಂದು ಅವನು ತಿಳಿದುಕೊಂಡರೆ ಬಂದ ಹಾನಿಯೇನು? ಹಾನಿ ಅಲ್ಪವಲ್ಲ. ಹೃದಯದಲ್ಲಿ ಲೋಹದ ಕೃತಕ ಕವಾಟವಿರುವವನಿಗೆ ಗರಣೆಯ ಪ್ರಚೋದನೆ ಆ ಕವಾಟದ ಮೇಲ್ಮೈಯಲ್ಲಿಯೇ ಇರುವುದರಿಂದ, ಅವನು ಆಜೀವಪರ್ಯಂತ ಔಷಧವನ್ನು ಸೇವಿಸಬೇಕು. ಹೆಪ್ಪುಗಟ್ಟಲು ಹಿಡಿಯುವ ಕಾಲವನ್ನು ಅಳೆಯುವ ಐ.ಎನ್.ಆರ್. ಪರೀಕ್ಷೆಯ ಅಂಕ ಬೇಕಾದಷ್ಟು ಬಂದಿದೆಯೆಂದರೆ ಔಷಧ ಕೆಲಸಮಾಡುತ್ತಿದೆಯೆಂದು ಅರ್ಥವೇ ಹೊರತು, ರಕ್ತ ಶಾಶ್ವತವಾಗಿ ಬೇರೊಂದು ವಸ್ತುವಾಯಿತೆಂದಲ್ಲ. ತೆಳುವಾಯಿತು, ಇನ್ನು ಸಾಕು ಎಂದು ನಿಲ್ಲಿಸಿದವನ ಕವಾಟ ಗರಣೆಯಿಂದ ಸಿಕ್ಕಿಕೊಳ್ಳುವ ಸಂಭವ ಆ ನಂಬಿಕೆಯಿಂದಲೇ ಹುಟ್ಟುತ್ತದೆ. ಅದೇ ನಂಬಿಕೆಯಿಂದ, ವಾರ್ಫರಿನ್ ಸೇವಿಸುವವನು ಇನ್ನಷ್ಟು ತೆಳುವಾಗಲೆಂದು ಆಸ್ಪಿರಿನ್ನನ್ನೂ ಬೆಳ್ಳುಳ್ಳಿಯ ಗುಳಿಗೆಗಳನ್ನೂ ತಾನೇ ಸೇರಿಸಿಕೊಂಡು ರಕ್ತಸ್ರಾವಕ್ಕೆ ಈಡಾಗುವನು. ಇನ್ನೊಬ್ಬನು ಸೊಪ್ಪು ರಕ್ತವನ್ನು ಗಟ್ಟಿಮಾಡುವುದೆಂದು ಅದನ್ನು ಪೂರ್ತಿಯಾಗಿ ವರ್ಜಿಸುವನು. ಅವನಿಗೆ ನಿಜವಾಗಿ ಬೇಕಾದದ್ದು ಕೆ ಜೀವಸತ್ವವಿರುವ ಸೊಪ್ಪನ್ನು ಒಂದೇ ಪ್ರಮಾಣದಲ್ಲಿ ನಿಯಮವಾಗಿ ತಿನ್ನುವುದು, ಏಕೆಂದರೆ ಔಷಧದ ಮಾತ್ರೆಯನ್ನು ಆ ಪ್ರಮಾಣಕ್ಕೆ ಹೊಂದಿಸಿ ನಿಶ್ಚಯಿಸಲಾಗಿದೆ. ಹೃದ್ರೋಗವಿಲ್ಲದ ವೃದ್ಧರಿಗೆ ಆಸ್ಪಿರಿನ್ ಕ್ಷೇಮಕರವೇ ಎಂಬುದನ್ನು ಆಸ್ಟ್ರೇಲಿಯ ಮತ್ತು ಅಮೆರಿಕಗಳ 19,114 ಮಂದಿಯಲ್ಲಿ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದಾಗ, ಹೃದ್ರೋಗಗಳು ಗಣನೀಯವಾಗಿ ಕಡಮೆಯಾಗದೆ, ತೀವ್ರವಾದ ರಕ್ತಸ್ರಾವ ಹೆಚ್ಚಿದುದು ಕಂಡುಬಂದಿತು. ಒಮ್ಮೆ ಹೃದಯಾಘಾತವಾದವರಿಗೆ ಅದೇ ಮಾತ್ರೆ ನಿಶ್ಚಯವಾಗಿಯೂ ಉಪಕಾರಿ; 1988ರಲ್ಲಿ ಪ್ರಕಟವಾದ, 17,187 ರೋಗಿಗಳನ್ನೊಳಗೊಂಡ ಪರೀಕ್ಷೆಯಲ್ಲಿ, ಹೃದಯಾಘಾತದ ಆರಂಭದಲ್ಲಿಯೇ ಕೊಟ್ಟ ಆಸ್ಪಿರಿನ್ ಮರಣಗಳನ್ನು ಸ್ಪಷ್ಟವಾಗಿ ತಗ್ಗಿಸಿತು. ಒಂದೇ ಮಾತ್ರೆ ಒಬ್ಬನಿಗೆ ಅಮೃತವೂ ಇನ್ನೊಬ್ಬನಿಗೆ ಅಪಾಯವೂ ಆಗುವುದೇಕೆಂಬುದನ್ನು ಸಾಂದ್ರತೆಯ ವಾದ ವಿವರಿಸಲಾರದು. ಗೋಡೆಯಲ್ಲಿ ಬಿರಿದ ಗಂಟು ಇದೆಯೇ ಇಲ್ಲವೇ ಎಂಬ ಪ್ರಶ್ನೆ ವಿವರಿಸಬಲ್ಲುದು.

ಪಾರ್ಶ್ವವಾಯುವಿನಲ್ಲಿ ಈ ಗೊಂದಲದ ಬೆಲೆ ಇನ್ನೂ ದುಬಾರಿ. ಬಾಯಿ ಸೊಟ್ಟಗಾಗಿ, ಒಂದು ಕೈ ಬಿದ್ದುಹೋಗಿ, ಮಾತು ತೊದಲಿದಾಗ ಬಹುಮಟ್ಟಿಗೆ ಕಾರಣ ಗರಣೆಯೇ. ಆದರೆ ಕೆಲವರಲ್ಲಿ ಮಿದುಳಿನ ನಾಳ ಒಡೆದು ರಕ್ತ ಸುರಿದಿರುತ್ತದೆ. ಹೊರಗಿನ ಲಕ್ಷಣಗಳಿಂದ ಇವೆರಡನ್ನು ಬೇರ್ಪಡಿಸಲಾಗದು, ಸ್ಕ್ಯಾನ್ ಬೇಕು. ರಕ್ತ ಗಟ್ಟಿಯಾಯಿತೆಂದು ಮನೆಯಲ್ಲಿಯೇ ತೀರ್ಮಾನಿಸಿ ಆಸ್ಪಿರಿನ್ ನುಂಗಿಸುವವರು, ರಕ್ತ ಸುರಿಯುತ್ತಿರುವ ಮಿದುಳಿಗೆ ಇನ್ನಷ್ಟು ಸುರಿಯುವ ಔಷಧವನ್ನು ಕೊಟ್ಟಂತಾಗಬಹುದು. ಗರಣೆಯೇ ಕಾರಣವಾಗಿದ್ದರೆ ಅದನ್ನು ಕರಗಿಸುವ ಔಷಧವನ್ನು ಲಕ್ಷಣ ಆರಂಭವಾದ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗಿದ್ದು, ಮನೆಮದ್ದಿನಲ್ಲಿ ಕಳೆದ ಪ್ರತಿಯೊಂದು ಗಳಿಗೆಯೂ ಮಿದುಳಿನ ಭಾಗವೊಂದರ ನಷ್ಟವಾಗುತ್ತದೆ. ಊದಿದ ಒಂದು ಕಾಲನ್ನು ಎಣ್ಣೆ ಹಚ್ಚಿ ತಿಕ್ಕಿದರೆ ರಕ್ತ ಕರಗಿ ಹರಿಯುವುದೆಂಬ ಭಾವನೆಯೂ ಇದೇ ಬೇರಿನ ಚಿಗುರು. ಅಂಥ ಮರ್ದನವು ಗರಣೆಯನ್ನು ಕಳಚಿ ಶ್ವಾಸಕೋಶಕ್ಕೆ ಕಳುಹಿಸಬಹುದು.

ಇಷ್ಟರಿಂದ ನಿರ್ಣಯವಾಗುವುದೇನೆಂದರೆ, ಹೆಪ್ಪುಗಟ್ಟುವಿಕೆಯು ರಕ್ತದ ಒಂದು ದುರ್ಗುಣವಲ್ಲ, ಜೀವರಕ್ಷಣೆಗಾಗಿ ದೇಹವು ಸದಾ ಸಿದ್ಧವಾಗಿಟ್ಟುಕೊಂಡಿರುವ ಒಂದು ಶಕ್ತಿ. ಅದು ಯುಕ್ತವಾದ ಸ್ಥಳದಲ್ಲಿ, ಯುಕ್ತವಾದ ಪ್ರಮಾಣದಲ್ಲಿ ಎಚ್ಚೆತ್ತರೆ ಗಾಯ ಮುಚ್ಚುತ್ತದೆ, ಅಯುಕ್ತವಾದ ಸ್ಥಳದಲ್ಲಿ ಎಚ್ಚೆತ್ತರೆ ನಾಳ ಮುಚ್ಚುತ್ತದೆ. ಆದ್ದರಿಂದ ಗರಣೆಯ ರೋಗಿಯೂ ಅವನ ಬಂಧುಗಳೂ ವೈದ್ಯರನ್ನು ಕೇಳಬೇಕಾದ ಪ್ರಶ್ನೆ ರಕ್ತ ಎಷ್ಟು ಗಟ್ಟಿಯಾಗಿದೆ ಎಂಬುದಲ್ಲ. ಗರಣೆ ಅಪಧಮನಿಯಲ್ಲಿದೆಯೇ, ಅಭಿಧಮನಿಯಲ್ಲಿದೆಯೇ, ಹೃದಯದೊಳಗಿದೆಯೇ; ಅದನ್ನು ಹುಟ್ಟಿಸಿದ ಹೇತು ಶಸ್ತ್ರಚಿಕಿತ್ಸೆಯಂತೆ ಕಳೆದುಹೋಗುವಂಥದೇ, ಕೃತಕ ಕವಾಟದಂತೆ ಉಳಿಯುವಂಥದೇ; ಔಷಧ ಎಷ್ಟು ಕಾಲ ಬೇಕು, ಯಾವ ಲಕ್ಷಣ ಕಂಡರೆ ರಕ್ತಸ್ರಾವವೆಂದು ಓಡಿಬರಬೇಕು: ಕೇಳಬೇಕಾದುವು ಇವು. ವೈದ್ಯರೂ ಕಾಲಾಭಾವದಿಂದ ಒಂದು ಸುಲಭವಾದ ಮಾತಿನಲ್ಲಿ ಮುಗಿಸದೆ, ಈ ಮಾತ್ರೆ ಹೊಸ ಗರಣೆ ಕಟ್ಟದಂತೆ ತಡೆಯುತ್ತದೆ, ಇಂಥ ಕಾರಣ ಇರುವವರೆಗೂ ಇದನ್ನು ಬಿಡಕೂಡದು ಎಂದು ಎರಡು ವಾಕ್ಯಗಳನ್ನು ಹೆಚ್ಚಾಗಿ ಹೇಳಿದರೆ, ರೋಗಿಯ ಮನಸ್ಸಿನಲ್ಲಿ ನಿಲ್ಲುವ ಚಿತ್ರ ಸರಿಯಾಗುವುದು. ಚಿತ್ರ ಸರಿಯಾದಲ್ಲಿ ಆಚರಣೆ ತಾನಾಗಿಯೇ ಸರಿಯಾಗುವುದೆಂದು ಹೇಳಲಾಗದು. ಆದರೆ ಚಿತ್ರವೇ ತಪ್ಪಾಗಿರುವಲ್ಲಿ, ಎಷ್ಟೇ ನಿಷ್ಠೆಯಿಂದ ನಡೆದುಕೊಂಡರೂ ಆಚರಣೆ ತಪ್ಪುವುದು ನಿಶ್ಚಯ.